ಹೊಳೆಗೂ ಕಡಲಿಗೂ ನಡುವೆ: ಪಡುಕೆರೆಗೆ ಬರುವವರಿಗೆ ಹತ್ತು ಮಾತು

ಮಲ್ಪೆ ಬಂದರಿನ ಗದ್ದಲ ದಾಟಿ, ಸೇತುವೆ ಹತ್ತಿ ಇಳಿದರೆ ಪಡುಕೆರೆ. ಪೂರ್ವಕ್ಕೆ ಉದ್ಯಾವರ ಹೊಳೆ, ಪಶ್ಚಿಮಕ್ಕೆ ಅರಬ್ಬೀ ಕಡಲು, ನಡುವೆ ತೆಂಗಿನ ತೋಟಗಳ ಒಂದು ಸಪೂರ ಪಟ್ಟಿ. ಕೆಲವು ಕಡೆ ಅದು ಎಷ್ಟು ಸಪೂರವೆಂದರೆ, ಮನೆಯ ಎದುರಿನ ಜಗಲಿಯಲ್ಲಿ ಕೂತರೆ ತೆರೆಯ ಸದ್ದು, ಹಿತ್ತಿಲಲ್ಲಿ ನಿಂತರೆ ಹೊಳೆಯಲ್ಲಿ ಹೋಗುವ ದೋಣಿ. ಇಲ್ಲಿಂದ ದಕ್ಷಿಣಕ್ಕೆ ಮಟ್ಟುವಿನ ತನಕ ರಸ್ತೆ ಕಡಲಿನ ಮಗ್ಗುಲಲ್ಲೇ ಹೋಗುತ್ತದೆ. ಈ ದಾರಿಯಲ್ಲಿ ಮಾಲ್ ಇಲ್ಲ, ಸಿನಿಮಾ ಮಂದಿರ ಇಲ್ಲ, ಅವಸರವೂ ಇಲ್ಲ.

ನಮ್ಮ ಮನೆಯ ಎರಡು ಕೋಣೆಗಳನ್ನು ಪರವೂರಿನವರಿಗೆ ಕೊಡುತ್ತ ಹಲವು ವರ್ಷಗಳಾದವು. ಹೆಚ್ಚಿನವರು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುತ್ತಾರೆ, ಕೈಯಲ್ಲೊಂದು ಪಟ್ಟಿ ಇರುತ್ತದೆ: ಸೇಂಟ್ ಮೇರೀಸ್ ದ್ವೀಪ, ಕೃಷ್ಣಮಠ, ಕಾಪು ದೀಪಸ್ತಂಭ, ಸೂರ್ಯಾಸ್ತ. ಒಂದೇ ದಿನದಲ್ಲಿ ಎಲ್ಲ ಮುಗಿಸಿ, ನಾಳೆ ಏನು ಮಾಡುವುದು ಎಂದು ಕೇಳುತ್ತಾರೆ. ಈ ಊರಿಗೆ ಅದರದೇ ದಿನಚರಿ ಇದೆ. ಅದನ್ನು ನಡೆಸುವುದು ಭರತ-ಇಳಿತ, ಗಾಳಿ ಮತ್ತು ದೋಣಿಗಳು. ಆ ದಿನಚರಿಯೊಳಗೆ ಸೇರಿಕೊಂಡವರಿಗೆ ಮೂರು ದಿನವೂ ಸಾಲದು. ಅತಿಥಿಗಳ ಜೊತೆ ಓಡಾಡಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ನೀರಿನ ಹೊತ್ತು ಕೇಳಿಕೊಂಡು ದಿನ ಶುರು ಮಾಡಿ

ದಿನಕ್ಕೆ ಎರಡು ಭರತ, ಎರಡು ಇಳಿತ. ಇವತ್ತಿನ ಭರತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ; ಚಂದ್ರ ದಿನವೂ ಅಷ್ಟೇ ತಡವಾಗಿ ಮೂಡುತ್ತಾನಲ್ಲ, ಅದರ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಎರಡೂ ಮೆತ್ತಗಾಗುತ್ತವೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತಾರು ಅಡಿ ಏರಿಳಿಯುತ್ತದೆ. ನಮ್ಮಲ್ಲಿ ದೊಡ್ಡ ಭರತದ ದಿನವೂ ಒಂದೂವರೆ ಮೀಟರಿನ ಆಸುಪಾಸು ಅಷ್ಟೆ. ಆದರೆ ದಂಡೆ ಚಪ್ಪಟೆಯಾದ್ದರಿಂದ ಅಷ್ಟು ಇಳಿತಕ್ಕೇ ಅಗಲವಾದ ಹಸಿ ಮರಳು ಬಯಲಾಗುತ್ತದೆ.

ನಡೆಯಬೇಕಾದದ್ದು ಆ ಹಸಿ ಮರಳಿನ ಮೇಲೆ. ಒಣ ಮರಳಿನಲ್ಲಿ ಕಾಲು ಹೂತು ಹತ್ತು ನಿಮಿಷಕ್ಕೆ ಸುಸ್ತಾಗುತ್ತದೆ, ಹಸಿ ಮರಳು ಗಟ್ಟಿ ನೆಲ. ಬರಿಗಾಲಲ್ಲಿ ಹೋಗಿ. ಮಕ್ಕಳಿದ್ದರೆ ಕೂತು ನೋಡಲು ಹೇಳಿ: ಕಡಲೆಕಾಳಿಗಿಂತ ಸಣ್ಣ ಮರಳಿನ ಉಂಡೆಗಳು ಒಂದು ತೂತಿನ ಸುತ್ತ ಹರಡಿಕೊಂಡಿರುತ್ತವೆ. ಸಣ್ಣ ಏಡಿಯೊಂದು ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಪಾಚಿಯಂಥ ಆಹಾರವನ್ನು ಹೀರಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಬಿಟ್ಟ ಗುರುತು ಅದು. ಮುಂದಿನ ಭರತಕ್ಕೆ ಎಲ್ಲ ಅಳಿಸಿಹೋಗುತ್ತದೆ, ಇಳಿತಕ್ಕೆ ಏಡಿ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಇದೇ ಹಸಿ ಮರಳಿನಲ್ಲಿ ಚುರುಕಾಗಿ ಓಡಿ ಗಕ್ಕನೆ ನಿಲ್ಲುವ ಕಂದು ಹಕ್ಕಿಗಳ ಹಿಂಡು ಕಾಣುತ್ತದೆ. ಹಿಮಾಲಯದ ಆಚೆಯಿಂದ, ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬಂದವು. ಅವುಗಳನ್ನು ಎಬ್ಬಿಸಿ ಹಾರಿಸುವ ಆಟ ಬೇಡ. ಹೋಗಬೇಕಾದ ದಾರಿಗೆ ಬೇಕಾದ ಕೊಬ್ಬನ್ನು ಅವು ಇಲ್ಲಿ ಕೂಡಿಸಿಕೊಳ್ಳುತ್ತಿರುತ್ತವೆ.

ಭರತದ ಹೊತ್ತಿಗೆ ಕಡಲ್ಕೊರೆತದ ಜಾಗಗಳಲ್ಲಿ ನೀರು ತಡೆಗೋಡೆಯ ಕಲ್ಲಿಗೇ ಬಡಿಯುತ್ತದೆ, ನಡೆಯಲು ದಂಡೆಯೇ ಇರುವುದಿಲ್ಲ. ಆ ಹೊತ್ತು ಹೊಳೆಬದಿಗೆ ಮೀಸಲು. ಆ ಮಾತು ಮುಂದೆ ಬರುತ್ತದೆ.

2. ಬೆಳಗಿನ ದಕ್ಕೆ ನೋಡಿ, ದಾರಿ ಬಿಟ್ಟು ನಿಂತು ನೋಡಿ

ಮಲ್ಪೆ ಕರ್ನಾಟಕದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಪಡುಕೆರೆಯ ಶಾಂತಿಯನ್ನು ಅರ್ಥ ಮಾಡಿಕೊಳ್ಳಬೇಕಾದರೂ ಈ ಗದ್ದಲವನ್ನು ಒಮ್ಮೆ ನೋಡಬೇಕು, ಏಕೆಂದರೆ ನಮ್ಮ ಕೇರಿಯ ಒಲೆ ಉರಿಯುವುದು ಇದರಿಂದ. ಬೆಳಗ್ಗೆ ಬೇಗ ಎದ್ದು ಹೋದರೆ ಬೋಟುಗಳಿಂದ ಬುಟ್ಟಿ ಇಳಿಯುವುದು, ಏಲಂ ಕೂಗುವುದು, ಐಸ್ ಪುಡಿಯಾಗಿ ಸುರಿಯುವುದು ಎಲ್ಲ ಒಟ್ಟಿಗೆ ನಡೆಯುತ್ತಿರುತ್ತದೆ. ದಿನದ ಬೋಟುಗಳು ಬೇರೆ, ವಾರಗಟ್ಟಲೆ ಆಳ ಸಮುದ್ರದಲ್ಲಿದ್ದು ಬರುವ ಬೋಟುಗಳು ಬೇರೆ. ತಾಂಡೇಲ ಎಂದರೆ ಬೋಟು ನಡೆಸುವವನು. ಅವನ ಮಾತಿನ ಮೇಲೆ ಬೋಟಿನಲ್ಲಿ ದುಡಿಯುವ ಕಲಾಸಿಗಳೆಲ್ಲರ ಜೀವ ನಿಂತಿರುತ್ತದೆ, ಆದ್ದರಿಂದ ದಕ್ಕೆಯಲ್ಲಿ ಅವನಿಗೆ ಸಲ್ಲುವ ಮರ್ಯಾದೆಯೇ ಬೇರೆ.

ಏಲಂನಲ್ಲಿ ಬುಟ್ಟಿ ಹಿಡಿದ ಹೆಂಗಸರನ್ನು ಗಮನಿಸಿ. ಮೀನಿನ ಬೆಲೆಯನ್ನು ಇವರಷ್ಟು ಬಲ್ಲವರು ಯಾರೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಬುಟ್ಟಿಯಲ್ಲಿ ಎಷ್ಟು ಕಿಲೋ, ಅದರಲ್ಲಿ ಮೆತ್ತಗಾದದ್ದು ಎಷ್ಟು, ಉಡುಪಿ ಪೇಟೆಯಲ್ಲಿ ಇವತ್ತು ಏನು ಓಡುತ್ತದೆ, ಜನ ಮೀನು ಬಿಡುವ ಸಂಕ್ರಮಣವೋ ಸೋಮವಾರವೋ ಎಂಬ ಲೆಕ್ಕವೆಲ್ಲ ಒಂದು ನೋಟದಲ್ಲಿ ಮುಗಿದಿರುತ್ತದೆ.

ಇಲ್ಲಿ ಎಲ್ಲರ ಕೈಯಲ್ಲೂ ಭಾರ ಇರುತ್ತದೆ, ನೆಲ ಜಾರುತ್ತದೆ. ಗೋಡೆಯ ಬದಿಗೆ ನಿಂತುಕೊಳ್ಳಿ. ಕೈಗಾಡಿ ಬರುವ ದಾರಿಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ಯಾರದಾದರೂ ಮುಖದ ಚಿತ್ರ ಬೇಕಾದರೆ ಕೇಳಿ, ಬೇಡ ಎಂದರೆ ಬಿಟ್ಟುಬಿಡಿ.

3. ಕೈರಂಪಣಿ ಎಳೆಯುತ್ತಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಅಲ್ಲಿಗೆ ಹೋಗಿ

ನಮ್ಮ ದಂಡೆಯಲ್ಲಿ ನೋಡಲೇಬೇಕಾದದ್ದು ಒಂದೇ ಒಂದನ್ನು ಹೇಳಿ ಎಂದರೆ ನಾನು ಇದನ್ನೇ ಹೇಳುವುದು. ಹಗ್ಗದ ಒಂದು ತುದಿಯನ್ನು ದಂಡೆಯಲ್ಲಿ ಕೆಲವರು ಹಿಡಿದುಕೊಳ್ಳುತ್ತಾರೆ. ಸಣ್ಣ ದೋಣಿ ಬಲೆ ಬಿಡುತ್ತ ಕಡಲಿನೊಳಗೆ ಅರ್ಧ ಚಂದ್ರಾಕಾರದಲ್ಲಿ ಸುತ್ತಿ, ಇನ್ನೊಂದು ತುದಿಯನ್ನು ಅಷ್ಟು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆಯವರು ಎಳೆಯಲು ಶುರು ಮಾಡುತ್ತಾರೆ. ಎಳೆಯುತ್ತ ಎರಡು ಗುಂಪುಗಳು ದಂಡೆಯಲ್ಲಿ ನಿಧಾನವಾಗಿ ಒಂದರ ಹತ್ತಿರ ಒಂದು ಬರುತ್ತವೆ. ಕೊನೆಗೆ ಬಲೆಯ ಚೀಲ ನೀರಿನಂಚಿಗೆ ಬಂದಾಗ, ಅಲ್ಲಿಯವರೆಗೆ ಸುಮ್ಮನಿದ್ದ ನೀರು ಕುದಿಯಲು ಶುರುವಾಗುತ್ತದೆ. ಬಂಗುಡೆ, ಬೂತಾಯಿ, ಬೊಳೆಂಜಿರ್, ನಡುವೆ ಒಂದಿಷ್ಟು ಏಡಿ, ಒಂದಿಷ್ಟು ಕಸ. ಕೆಲವು ದಿನ ಬರೀ ಕಸ.

ಹಿಂದೆ ಇದರ ದೊಡ್ಡಣ್ಣ ಇತ್ತು, ರಂಪಣಿ. ಅದರ ಬಲೆಯ ಉದ್ದ ನೂರಾರು ಮೀಟರು. ಎಳೆಯಲು ಇಡೀ ಕೇರಿಯೇ ಬೇಕು, ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು. ಬಂಗುಡೆ ಹಿಂಡು ದಡಕ್ಕೆ ಬಂದ ದಿನ ಊರಿನಲ್ಲಿ ಬೇರೆ ಕೆಲಸವೇ ನಡೆಯುತ್ತಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಕಡಲಿನಲ್ಲೇ ಸುತ್ತುಗಟ್ಟಿ ಹಿಡಿಯುವ ಬಲೆ ಅದು. ದಡದಲ್ಲಿ ಕಾದವರಿಗೆ ಬರಿಗೈ ಆಯಿತು. ಮೀನುಗಾರಿಕೆಯನ್ನೇ ನಂಬಿದ ಮೊಗವೀರ ಕೇರಿಗಳ ಬದುಕು ಆ ಹತ್ತು ವರ್ಷಗಳಲ್ಲಿ ಬದಲಾದಷ್ಟು ಅದಕ್ಕೂ ಹಿಂದಿನ ಎಷ್ಟೋ ತಲೆಮಾರುಗಳಲ್ಲಿ ಬದಲಾಗಿರಲಿಕ್ಕಿಲ್ಲ. ಈಗ ಉಳಿದ ಕೈರಂಪಣಿ ಆ ದೊಡ್ಡ ಪದ್ಧತಿಯ ಸಣ್ಣ ರೂಪ. ಕಡಿಮೆ ಜನ, ಚಿಕ್ಕ ಬಲೆ, ಆದರೆ ಪಾಲಿನ ಕ್ರಮ ಅದೇ.

ಹಗ್ಗಕ್ಕೆ ಕೈ ಹಾಕಲು ಅತಿಥಿಗಳಿಗೆ ಆಸೆಯಾಗುತ್ತದೆ. ಕೇಳಿದರೆ ಹೆಚ್ಚಾಗಿ ಬನ್ನಿ ಎನ್ನುತ್ತಾರೆ. ಕೇಳದೆ ಹಿಡಿಯಬೇಡಿ, ಎಳೆತಕ್ಕೆ ಒಂದು ತಾಳ ಇರುತ್ತದೆ, ನಡುವೆ ಬಂದವರು ಅದನ್ನು ಕೆಡಿಸುತ್ತಾರೆ. ಮರಳಿನ ಮೇಲೆ ಹರಡಿದ ಬಲೆಯನ್ನು ಎಂದೂ ತುಳಿಯಬೇಡಿ, ಚಪ್ಪಲಿ ಹಾಕಿಕೊಂಡಂತೂ ಬೇಡವೇ ಬೇಡ. ನಮ್ಮಲ್ಲಿ ಮಕ್ಕಳೂ ಬಲೆಯನ್ನು ಸುತ್ತು ಹಾಕಿಯೇ ದಾಟುತ್ತಾರೆ. ಎಳೆದು ಮುಗಿದ ಮೇಲೆ ಮೀನು ಬೇಕಾದರೆ ದುಡ್ಡು ಕೊಟ್ಟು ಕೊಳ್ಳಿ. ನಾವೂ ಎಳೆದೆವಲ್ಲ ಎಂದು ಬಿಟ್ಟಿ ಕೇಳುವುದು ಸಲ್ಲ, ಅಲ್ಲಿರುವುದು ಅವರ ಆ ದಿನದ ಕೂಲಿ.

4. ಹೋಟೆಲಿನ ಪಟ್ಟಿ ನೋಡಿ ಮೀನು ಕೇಳಬೇಡಿ, ಕಾಲ ನೋಡಿ ಕೇಳಿ

ಬಂದವರೆಲ್ಲ ಅಂಜಲ್ ಫ್ರೈ ಕೇಳುತ್ತಾರೆ. ಅಂಜಲ್ ಒಳ್ಳೆಯ ಮೀನೇ, ಮುಳ್ಳು ಕಡಿಮೆ, ತುಂಡು ದೊಡ್ಡದು. ಆದರೆ ಈ ಕರಾವಳಿಯ ನಿಜವಾದ ಊಟ ಸಣ್ಣ ಮೀನಿನದು. ಮಳೆಗಾಲದಲ್ಲಿ ನೈಋತ್ಯ ಮಾರುತ ಕರೆಯ ನೀರನ್ನು ಆಚೆ ತಳ್ಳಿದಾಗ ಅಡಿಯ ತಣ್ಣನೆಯ ನೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚು. ಕಣ್ಣಿಗೆ ಕಾಣದ ಸಸ್ಯಜೀವಿಗಳು ಬೆಳೆಯುತ್ತವೆ, ಅವನ್ನು ತಿನ್ನಲು ಬೂತಾಯಿ, ಬಂಗುಡೆಗಳು ಹಿಂಡು ಹಿಂಡಾಗಿ ದಡದ ಹತ್ತಿರ ಬರುತ್ತವೆ. ಹಾಗಾಗಿ ಮಳೆ ಕಡಿಮೆಯಾದ ಮೇಲಿನ ತಿಂಗಳುಗಳಲ್ಲಿ ಬೂತಾಯಿ ಕೊಬ್ಬಿರುತ್ತದೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಆ ಕಾಲದಲ್ಲಿ ಬಂದು ಬೂತಾಯಿ ತಿನ್ನದೆ ಹೋದವರ ಬಗ್ಗೆ ನನಗೆ ನಿಜವಾಗಿ ಬೇಸರವಾಗುತ್ತದೆ.

ನೀವೇ ಕೊಳ್ಳುವುದಾದರೆ ಮೂರು ಕಡೆ ನೋಡಿ. ಕಿವಿರು ಎತ್ತಿದರೆ ಒಳಗೆ ಕೆಂಪಗಿರಬೇಕು, ಕಂದಾಗಿರಬಾರದು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಿನಿಂದ ಒತ್ತಿದರೆ ಕುಳಿ ಉಳಿಯಬಾರದು. ಚೌಕಾಸಿ ಮಾಡಿ, ಅದು ಇಲ್ಲಿನ ಮಾತುಕತೆಯ ರೀತಿಯೇ. ಆದರೆ ಬಿಸಿಲಲ್ಲಿ ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬಂದವರ ಹತ್ತಿರ ಐದು ರೂಪಾಯಿಗೆ ಜಗಳ ಆಡಬೇಡಿ.

ಬೂತಾಯಿ ಪುಳಿಮುಂಚಿಗೆ ತೆಂಗಿನಕಾಯಿ ಹಾಕುವುದಿಲ್ಲ. ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಬೆಳ್ಳುಳ್ಳಿ, ಕೈಬಿಚ್ಚಿ ಹಾಕಿದ ಹುಣಸೆಹುಳಿ. ಮಣ್ಣಿನ ಪಾತ್ರೆಯಲ್ಲಿ ಮಾಡಿ ರಾತ್ರಿ ಹಾಗೇ ಬಿಟ್ಟರೆ ಮರುದಿನ ಬೆಳಗ್ಗೆ ಕುಚ್ಚಲಕ್ಕಿ ಗಂಜಿಯ ಜೊತೆ ಅದರ ರುಚಿ ಇಮ್ಮಡಿ. ಮೀನು ತಿನ್ನದವರಿಗೆ ಗಂಜಿಯ ಜೊತೆ ಹುರುಳಿ ಚಟ್ನಿ, ಮಾವಿನ ಮಿಡಿ ಇದ್ದೇ ಇರುತ್ತದೆ. ಮುಂದೆ ಬರುವ ಮಟ್ಟುಗುಳ್ಳದ ಮಾತು ಮುಖ್ಯವಾಗಿ ಅವರಿಗೇ.

5. ಮಧ್ಯಾಹ್ನ ಮಲಗಿ

ಹನ್ನೊಂದರ ಮೇಲೆ ಮರಳು ಕಾಯುತ್ತದೆ, ಬೋಟಿನವರು ನಿದ್ದೆಯಲ್ಲಿರುತ್ತಾರೆ, ನಾಯಿಯೂ ಎದ್ದು ಬೊಗಳುವುದಿಲ್ಲ. ನೆಲ ಕಾದಂತೆ ಕಡಲ ಕಡೆಯಿಂದ ಗಾಳಿ ಶುರುವಾಗಿ ಸಂಜೆಯವರೆಗೆ ಬೀಸುತ್ತದೆ. ಪಶ್ಚಿಮದ ಕಿಟಕಿ ತೆರೆದಿಡಿ, ಎಸಿ ಹಾಕಬೇಡಿ.

6. ಹೊಳೆಬದಿಗೆ ಹೋಗಿ, ಅಲ್ಲಿಂದ ಮಟ್ಟುವಿಗೆ ಸೈಕಲ್ ತುಳಿಯಿರಿ

ಕಡಲಿನ ಕಡೆ ಮುಖ ಮಾಡಿ ಕೂತ ಅತಿಥಿಗಳನ್ನು ಹಿಂದಕ್ಕೆ ತಿರುಗಿಸುವುದೇ ನನ್ನ ಕೆಲಸದ ಅರ್ಧ ಭಾಗ. ಹೊಳೆಬದಿಯಲ್ಲಿ ಕಾಂಡ್ಲಾ ಗಿಡಗಳಿವೆ. ಉಪ್ಪುನೀರಿನಲ್ಲಿ ಬೇರೂರಿ ದಡವನ್ನು ಹಿಡಿದಿಟ್ಟುಕೊಂಡಿರುವ ಗಿಡ ಅದು, ಮೀನು-ಸಿಗಡಿಗಳ ಮರಿಗಳು ಬೆಳೆಯುವುದು ಅದರ ಬುಡದಲ್ಲಿ. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕುವವರು ಕಾಣುತ್ತಾರೆ. ಕಾಲಿನಲ್ಲೇ ಕೆಸರನ್ನು ತಡಕಿ ಚಿಪ್ಪನ್ನು ಗುರುತಿಸುವ ವಿದ್ಯೆ ಅದು. ನೀರಿನ ಮೇಲೆ ಗರುಡ ಸುತ್ತುತ್ತಿರುತ್ತದೆ; ಅದೃಷ್ಟ ಇದ್ದ ದಿನ ಅದಕ್ಕಿಂತ ದೊಡ್ಡದಾದ, ಬಿಳಿ ಹೊಟ್ಟೆಯ ಕಡಲ ಹದ್ದು ತೆಂಗಿನ ತುದಿಯಲ್ಲಿ ಕೂತಿರುತ್ತದೆ. ಹೊಳೆಯ ಆಚೆ ದಡದ ಉದ್ಯಾವರ ಒಂದು ಕಾಲಕ್ಕೆ ಆಳುಪರ ರಾಜಧಾನಿ. ತುಳುನಾಡನ್ನು ಶತಮಾನಗಳ ಕಾಲ ಆಳಿದವರು ಈ ಹೊಳೆಯ ದಡವನ್ನು ಆರಿಸಿಕೊಂಡದ್ದು ಸುಮ್ಮನೆ ಇರಲಿಕ್ಕಿಲ್ಲ. ಕಡಲಿಗೆ ಹತ್ತಿರ, ಆದರೆ ಅಲೆಯಿಂದ ಮರೆ.

ಬಿಸಿಲು ಇಳಿದ ಮೇಲೆ, ಇಲ್ಲವೇ ಬೆಳಗ್ಗೆ ಆರಕ್ಕೆ, ಸೈಕಲ್ ತೆಗೆದುಕೊಂಡು ದಕ್ಷಿಣಕ್ಕೆ ಹೊರಡಿ. ನಿಧಾನವಾಗಿ ತುಳಿದರೂ ಒಂದು ಗಂಟೆ ಸಾಕು, ಏರು ಇಲ್ಲ. ಬಲಗಡೆ ಕಡಲು, ಎಡಗಡೆ ತೆಂಗಿನ ಸಂದಿಯಲ್ಲಿ ಹೊಳೆ. ದಾರಿಯಲ್ಲಿ ಸಣ್ಣ ಭಜನಾ ಮಂದಿರಗಳು, ಬಲೆ ಹೊಲಿಯುವ ಚಪ್ಪರಗಳು, ಬೊಬ್ಬರ್ಯನ ಗುಡಿ. ಬೊಬ್ಬರ್ಯ ಮೊಗವೀರರ ದೈವ, ಕಡಲಿಗೆ ಹೋದವರನ್ನು ಕಾಯುವವನು. ಅವನ ಕಥೆಯಲ್ಲಿ ಬ್ಯಾರಿ ವರ್ತಕರೂ ಹಡಗುಗಳೂ ಬರುತ್ತವೆ. ಹಲವು ಮತಗಳ ಜನ ಒಂದೇ ನೀರಿನಲ್ಲಿ ಬದುಕಿದ ಕರಾವಳಿಗೆ ತಕ್ಕ ದೈವ.

ಮಟ್ಟು ಸಿಕ್ಕಿದ ಮೇಲೆ ಕಡಲನ್ನು ಸ್ವಲ್ಪ ಮರೆತು ಗದ್ದೆಗಳ ಕಡೆ ಹೋಗಿ. ಮಟ್ಟುಗುಳ್ಳ ಬೆಳೆಯುವುದು ಇಲ್ಲಿ. ದುಂಡಗಿನ, ತಿಳಿಹಸಿರಿನ, ಮೇಲೆ ಬಿಳಿ ಗೆರೆಗಳಿರುವ ಬದನೆ. ಸಿಪ್ಪೆ ತೆಳು, ತೊಟ್ಟಿನಲ್ಲಿ ಮುಳ್ಳು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸೋದೆ ಮಠದ ವಾದಿರಾಜರು 16ನೇ ಶತಮಾನದಲ್ಲಿ ಇದರ ಬೀಜವನ್ನು ಮಟ್ಟುವಿನವರಿಗೆ ಕೊಟ್ಟರು ಎಂಬುದು ಊರಿನ ನಂಬಿಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯ ಕೃಷ್ಣಮಠದಲ್ಲಿ ಪೂಜೆಯ ಸರದಿ ಬದಲಾಗುವ ಪರ್ಯಾಯ ನಡೆಯುವಾಗ ಇಲ್ಲಿಂದ ಗುಳ್ಳದ ಹೊರೆಕಾಣಿಕೆ ಹೋಗುತ್ತದೆ. ಭತ್ತ ಕೊಯ್ದ ಗದ್ದೆಯಲ್ಲಿ ಹಾಕುವ ಬೆಳೆಯಾದ್ದರಿಂದ ಚಳಿಗಾಲದಿಂದ ಬೇಸಿಗೆಯ ತನಕ ಸಿಗುತ್ತದೆ. ಗುಳ್ಳದ ಕೊದ್ದೆಲ್ ತಿಂದವರಿಗೆ ಪೇಟೆಯ ಬದನೆ ಸಪ್ಪೆ ಎನಿಸುತ್ತದೆ. ಬೆಳೆದವರಿಂದಲೇ ಕೊಂಡರೆ ಅವರಿಗೂ ನಾಲ್ಕು ಕಾಸು ಹೆಚ್ಚು.

ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಕಾಪುವಿನವರೆಗೂ ಹೋಗಬಹುದು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ಮೇಲೆ ಹತ್ತಲು ಬಿಡುವುದು ಸಂಜೆ ಹೊತ್ತು.

7. ದ್ವೀಪಕ್ಕೆ ವಾರದ ನಡುವೆ, ಮೊದಲ ದೋಣಿಯಲ್ಲಿ ಹೋಗಿ

ಭಾನುವಾರ ಮಧ್ಯಾಹ್ನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಕಾಣುವುದು ಜನ. ಬುಧವಾರ ಬೆಳಗ್ಗೆ ಹೋದವರಿಗೆ ಕಲ್ಲು ಕಾಣುತ್ತದೆ. ಆ ಕಲ್ಲನ್ನು ನೋಡಲೆಂದೇ ಹೋಗಬೇಕು. ಐದು, ಆರು, ಏಳು ಮುಖದ ಕಂಬಗಳು ಜೇನುಗೂಡಿನ ಹಾಗೆ ಒತ್ತಾಗಿ ನಿಂತಿವೆ. ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರೆಯಾಗುತ್ತಿದ್ದ ಕಾಲದಲ್ಲಿ ಇಲ್ಲಿ ಲಾವಾ ಹೊಮ್ಮಿತು. ಅದು ತಣಿಯುತ್ತ ಕುಗ್ಗಿದಾಗ ಮೇಲಿನಿಂದ ಬಿರುಕು ಬಿಟ್ಟು, ಬಿರುಕು ಕೆಳಗಿಳಿಯುತ್ತ ಕಂಬಗಳಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟ ಎನ್ನುವ ಕಥೆಯನ್ನು ದೋಣಿಯವರು ಹೇಳುತ್ತಾರೆ. ನನಗೆ ಅದಕ್ಕಿಂತ ಈ ಕಲ್ಲಿನ ಕಥೆಯೇ ದೊಡ್ಡದು.

ಅಲ್ಲಿ ಈಜಲು ಇಳಿಯಬೇಡಿ, ನೀರಿನೊಳಗೆ ಚೂಪಾದ ಬಂಡೆ ಇದೆ, ಜೀವಗಳು ಹೋಗಿವೆ. ಕುಡಿಯುವ ನೀರು ಒಯ್ಯಿರಿ, ಬಾಟಲಿ ವಾಪಸು ತನ್ನಿ. ದಂಡೆಯಲ್ಲಿ ಮರಳಿಗಿಂತ ಹೆಚ್ಚು ಚಿಪ್ಪುಗಳಿವೆ, ಅವು ಅಲ್ಲೇ ಇರಲಿ.

8. ಕಡಲು ಸುಮ್ಮನಿರುವ ಜಾಗದಲ್ಲೇ ಎಚ್ಚರ ಹೆಚ್ಚು ಬೇಕು

ಇದನ್ನು ನಮ್ಮ ಮನೆಗೆ ಬಂದ ಪ್ರತಿಯೊಬ್ಬರಿಗೂ ಚಹಾ ಕೊಡುವ ಮೊದಲೇ ಹೇಳುತ್ತೇನೆ. ದಂಡೆಯಲ್ಲಿ ನಿಂತು ನೋಡಿದರೆ ಎರಡೂ ಕಡೆ ತೆರೆ ಒಡೆದು ನೊರೆಯಾಗುತ್ತಿರುತ್ತದೆ, ನಡುವೆ ಒಂದು ಓಣಿಯಲ್ಲಿ ಮಾತ್ರ ನೀರು ಕಪ್ಪಾಗಿ, ಸಮತಟ್ಟಾಗಿ ಇರುತ್ತದೆ. ಹೊಸಬರು ಅದೇ ಸುರಕ್ಷಿತ ಎಂದು ಅಲ್ಲಿಗೇ ಇಳಿಯುತ್ತಾರೆ. ತೆರೆಗಳು ದಡಕ್ಕೆ ತಂದು ಹಾಕಿದ ನೀರೆಲ್ಲ ವಾಪಸು ಹೋಗುವ ದಾರಿ ಅದು. ಆ ಸೆಳೆತಕ್ಕೆ ಎದುರಾಗಿ ದಡದ ಕಡೆ ಈಜುವವರು ಎಷ್ಟು ಗಟ್ಟಿಗರಾದರೂ ಸೋಲುತ್ತಾರೆ. ಸಿಕ್ಕಿಬಿದ್ದರೆ ಹೆದರದೆ ತೇಲಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಓಣಿ ಅಗಲ ಇರುವುದಿಲ್ಲ, ಆಚೆ ಬಂದ ಮೇಲೆ ತೆರೆಯೇ ನಿಮ್ಮನ್ನು ದಡಕ್ಕೆ ತರುತ್ತದೆ. ಈಜು ಬಾರದವರು ಮೊಣಕಾಲಿನ ಮೇಲೆ ನೀರು ಬರಲು ಬಿಡಬಾರದು.

ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಿಯಲ್ಲಿ ಯಾವ ಕಾಲದಲ್ಲೂ ಇಳಿಯಬೇಡಿ. ಕುಡಿದವರು ನೀರಿನ ಹತ್ತಿರವೂ ಹೋಗಬೇಡಿ. ಉದ್ದ ದಂಡೆಯ ಎಲ್ಲ ಕಡೆ ಜೀವರಕ್ಷಕರು ಇರುವುದಿಲ್ಲ. ಹೀಗೆ ಮುಳುಗುತ್ತಿದ್ದವರನ್ನು ಕಾಪಾಡಲು ಹಾರುವವರು ನಮ್ಮ ಕೇರಿಯ ಹುಡುಗರು, ಅವರಿಗೂ ಮನೆಯಿದೆ. ಎಲ್ಲಿ ಇಳಿಯಬಹುದು ಎಂದು ಅವತ್ತಿನ ದಿನ ದಂಡೆಯಲ್ಲಿ ಬಲೆ ಹಿಡಿದು ನಿಂತವರನ್ನು ಕೇಳಿ. ಅವರು ಬೇಡ ಎಂದರೆ ಬೇಡ.

9. ಸೂರ್ಯ ಮುಳುಗಿದ ಮೇಲೂ ಕೂತಿರಿ

ಸೂರ್ಯ ನೀರಿಗಿಳಿದ ಕೂಡಲೇ ಜನ ಮರಳು ಕೊಡವಿ ಎದ್ದುಬಿಡುತ್ತಾರೆ. ಬಣ್ಣ ಏರುವುದು ಅದರ ನಂತರದ ಇಪ್ಪತ್ತು ನಿಮಿಷದಲ್ಲಿ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುವುದರಿಂದ ಊಟಕ್ಕೆ ಮೊದಲು ಬೇಕಾದಷ್ಟು ಹೊತ್ತಿರುತ್ತದೆ. ಕತ್ತಲಾದ ಮೇಲೆ ಕಡಲಿನ ಮೇಲೆ ಸಾಲು ದೀಪ ಕಾಣುತ್ತದೆ, ಬೋಟುಗಳು. ಸಂಜೆಯ ಗಾಳಿ ಸತ್ತು, ರಾತ್ರಿ ತಡವಾಗಿ ನೆಲದ ಕಡೆಯಿಂದ ಕಡಲಿಗೆ ಗಾಳಿ ತಿರುಗುತ್ತದೆ. ಎಂಜಿನ್ ಇಲ್ಲದ ಕಾಲದಲ್ಲಿ ಹಾಯಿದೋಣಿಗಳು ಬೆಳಗಿನ ಜಾವ ಈ ಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದವು.

ಕೆಲವು ವರ್ಷ, ಹೆಚ್ಚಾಗಿ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ, ಒಡೆಯುವ ತೆರೆ ನೀಲಿಯಾಗಿ ಬೆಳಗುತ್ತದೆ. 2020ರ ನವೆಂಬರಿನಲ್ಲಿ ಮಲ್ಪೆ, ಪಡುಕೆರೆ, ಮಟ್ಟು ದಂಡೆಗಳಲ್ಲಿ ಇದನ್ನು ನೋಡಲು ರಾತ್ರಿ ಜಾತ್ರೆಯಂತೆ ಜನ ಸೇರಿದ್ದರು. ನಾಕ್ಟಿಲೂಕ ಎಂಬ ಏಕಕೋಶ ಜೀವಿಗಳು ಲಕ್ಷಗಟ್ಟಲೆ ಸೇರಿದಾಗ, ನೀರು ಅಲುಗಿದರೆ ಹೀಗೆ ಮಿನುಗುತ್ತವೆ. ನೋಡಲು ಚೆಂದ, ಮೀನುಗಾರರಿಗೆ ಚಿಂತೆ: ಅವು ತೀರಾ ಹೆಚ್ಚಾದರೆ ನೀರಿನಲ್ಲಿ ಆಮ್ಲಜನಕ ಕುಗ್ಗಿ ಮೀನು ದೂರ ಸರಿಯುತ್ತದೆ. ಬೆಳಕು ಕಾಣಬೇಕಾದರೆ ಮೊಬೈಲಿನ ಟಾರ್ಚ್ ಆರಿಸಿ, ಕಣ್ಣು ಕತ್ತಲಿಗೆ ಹೊಂದುವ ತನಕ ಕಾಯಿರಿ.

ಚಳಿಗಾಲದಿಂದ ಮೇ ಕೊನೆಯ ಪತ್ತನಾಜೆಯವರೆಗೆ ಹತ್ತಿರದಲ್ಲಿ ಎಲ್ಲಾದರೂ ಒಂದು ಯಕ್ಷಗಾನವೋ ದೈವದ ಕೋಲವೋ ಇರುತ್ತದೆ. ಹರಕೆಯ ಯಕ್ಷಗಾನದ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಕೋಲಕ್ಕೆ ಹೋದರೆ ಅದು ಪೂಜೆ ಎಂಬುದು ನೆನಪಿರಲಿ. ಚಪ್ಪಲಿ ಹೊರಗೆ ಬಿಡಿ, ಮನೆಯವರನ್ನು ಕೇಳದೆ ಚಿತ್ರ ತೆಗೆಯಬೇಡಿ.

10. ಮಳೆಗಾಲದಲ್ಲಿ ಒಮ್ಮೆ ಬನ್ನಿ

ಮಳೆಗಾಲದಲ್ಲಿ ಅಲ್ಲೇನಿದೆ ಎಂದು ಕೇಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಮೀನು ಮೊಟ್ಟೆಯಿಡುವ ಕಾಲ ಅದು. ದ್ವೀಪಕ್ಕೆ ದೋಣಿ ಇಲ್ಲ. ಕಡಲಿಗೆ ಇಳಿಯುವ ಮಾತೇ ಇಲ್ಲ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುವ ಊರು, ಅದರಲ್ಲಿ ಹೆಚ್ಚಿನ ಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ. ಆದರೂ ನಮ್ಮ ಊರನ್ನು ನಿಜವಾಗಿ ತಿಳಿಯಬೇಕಾದವರು ಬರಬೇಕಾದದ್ದು ಆಗಲೇ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ.

ನೂರಾರು ಬೋಟುಗಳು ಹೊಳೆಯಲ್ಲಿ ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಚಪ್ಪರದಡಿ ಬಲೆ ದುರಸ್ತಿ ನಡೆಯುತ್ತದೆ, ಮಾತಿಗೆ ಎಲ್ಲರಿಗೂ ಪುರುಸೊತ್ತು. ನಿಷೇಧ ದೊಡ್ಡ ಬೋಟಿಗೆ ಮಾತ್ರ, ನಾಡದೋಣಿಗಳಿಗೆ ಇದು ದುಡಿಯುವ ಕಾಲ. ಅವರು ಕಾಯುವುದು ತೂಫಾನಿಗೆ. ಒಂದು ದೊಡ್ಡ ಗಾಳಿಮಳೆ ಬಂದು ಕಡಲು ಅಡಿಯಿಂದ ಕಲಕಬೇಕು, ಆಮೇಲೆ ಅಬ್ಬರ ಇಳಿಯಬೇಕು. ಆಗ ಸಿಗಡಿಯೂ ಮೀನೂ ದಡದ ಹತ್ತಿರ ಸೇರುತ್ತವೆ. ಮಾಟುಬಲೆ, ಕಂತಬಲೆ ಹೊತ್ತ ದೋಣಿಗಳು ಆ ಎತ್ತರದ ತೆರೆಗಳನ್ನು ಸೀಳಿ ಹೊರಡುವುದನ್ನು ದಡದಲ್ಲಿ ನಿಂತು ನೋಡಿದರೆ, ನಾವು ತಿನ್ನುವ ಮೀನಿನ ಬೆಲೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಡೆಗೋಡೆಯ ಕಲ್ಲಿನ ಮೇಲೆ ಹತ್ತಿ ನಿಲ್ಲಬೇಡಿ, ರಸ್ತೆಯ ಈಚೆಯಿಂದಲೇ ನೋಡಿ.

ತುಳು ತಿಂಗಳಾದ ಆಟಿಯಲ್ಲಿ ಬಂದರೆ ಪತ್ರೊಡೆ ಸಿಗುತ್ತದೆ, ಕೆಸುವಿನ ಎಲೆ ಎಲ್ಲ ಹಿತ್ತಿಲಲ್ಲೂ ಎದ್ದಿರುತ್ತದೆ. ಆಗಸ್ಟಿನ ನೂಲ ಹುಣ್ಣಿಮೆಗೆ ಮೀನುಗಾರರು ವಡಭಾಂಡೇಶ್ವರದ ಬಲರಾಮನ ಗುಡಿಯಲ್ಲಿ ಪೂಜೆ ಸಲ್ಲಿಸಿ, ಮೆರವಣಿಗೆಯಲ್ಲಿ ಕಡಲಿಗೆ ಬಂದು ಹಾಲು, ತೆಂಗಿನಕಾಯಿ, ಹೂವು ಅರ್ಪಿಸುತ್ತಾರೆ. ಅದನ್ನು ನೋಡಲು ಹೊರಗಿನವರು ಬರಬಹುದು, ಬರಬೇಕು. ಆ ಹುಣ್ಣಿಮೆ ಯಾವ ದಿನ ಬರುತ್ತದೆಂದು ಪಂಚಾಂಗ ನೋಡಿ ಮೊದಲೇ ತಿಳಿಸಿ. ಕೊಡೆ ನಾವು ಕೊಡುತ್ತೇವೆ, ಒದ್ದೆಯಾದರೆ ಬದಲಿಸಲು ಎರಡು ಜೊತೆ ಬಟ್ಟೆ ಹೆಚ್ಚು ತನ್ನಿ.